ಗಾಡಿಮನೆಯಲ್ಲಿ ಲುಡಿಂಗ್ಟನ್ ಬಂದರಿಗೆ

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋಗಿಬಂದ ತಾಯಂದಿರಲ್ಲಿ ನೀವೂ ಒಬ್ಬರಾದರೆ, ನಯಾಗರ ಜಲಪಾತದ ಮುಂದೆ ಪ್ಲಾಸ್ಟಿಕ್ ಕೋಟು ತೊಟ್ಟು ನಿಂತ ಫೋಟೋ ನಿಮ್ಮ ಷೋಕೇಸಿನಲ್ಲೂ ಇದ್ದೀತು. ನಮ್ಮ ಮನೆಯಲ್ಲೂ ಇದೆ. ನೋಡಿ ಬಂದವರನ್ನೆಲ್ಲ "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ. ಆಮೇಲೆ ಮೆತ್ತಗೆ, "ಆದರೆ ಕಾರಿನಲ್ಲಿ ಕೂತೂ ಕೂತೂ ಸಾಕಾಯ್ತು ಕಣ್ರೀ" ಅನ್ನುತ್ತಾರೆ. ನಾನು ಈ ಸಲ ಹೇಳಹೊರಟಿರುವುದು ಬೇರೆ ತರಹದ ಪ್ರವಾಸ. ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು, ದೊಡ್ಡ ಊರುಗಳನ್ನು ಬಿಟ್ಟು, ಒಂದು ಸರೋವರದ ದಂಡೆಯ ಪುಟ್ಟ ಬಂದರಿಗೆ ಹೋಗಿಬಂದ ಕಥೆ. ಕಥೆಗಿಂತ ಹೆಚ್ಚಾಗಿ, ಅದಕ್ಕೆ ಹೇಗೆ ಸಿದ್ಧತೆ ಮಾಡಿಕೊಳ್ಳಬೇಕು, ಎಲ್ಲಿ ಎಡವಬಾರದು ಎನ್ನುವುದು.

ಆ ಗಾಡಿಗೆ ಅಲ್ಲಿಯವರು ಆರ್‌ವಿ ಎನ್ನುತ್ತಾರೆ. ನಮ್ಮಕ್ಕ ಅದಕ್ಕೆ ಇಟ್ಟ ಹೆಸರು ಗಾಡಿಮನೆ. ನಾನೂ ಹಾಗೇ ಕರೆಯುತ್ತೇನೆ.

ಮಗಳು ಇರುವುದು ಷಿಕಾಗೋ ಹತ್ತಿರದ ಒಂದು ಊರಿನಲ್ಲಿ. ಅಕ್ಕನ ಮಗನೂ ಅದೇ ಕಡೆ. ಹೀಗಾಗಿ 2022ರ ಬೇಸಿಗೆಗೆ ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ಮೈಸೂರಿನಿಂದ ಹೊರಡುವುದು ಎಂದಾಯಿತು. (ನಮ್ಮನೆಯವರು ಬರಲಿಲ್ಲ. ಗಿಡಗಳಿಗೆ ನೀರು ಹಾಕುವವರು ಯಾರು ಎಂಬ ನೆಪ ಅವರಿಗೆ ಯಾವಾಗಲೂ ಸಿದ್ಧವಾಗಿರುತ್ತದೆ.) ಜನವರಿಯಲ್ಲೇ ಮಗಳು ಫೋನು ಮಾಡಿ, "ಅಮ್ಮಾ, ಜುಲೈನಲ್ಲಿ ಆರ್‌ವಿ ತಗೊಂಡು ಲುಡಿಂಗ್ಟನ್‌ಗೆ ಹೋಗೋಣ ಅಂತಿದೀವಿ, ದೊಡ್ಡಮ್ಮನ್ನ ಒಪ್ಪಿಸು" ಅಂದಳು.

ಅಕ್ಕ ಒಪ್ಪಲಿಲ್ಲ. "ನಾನು ಬರೋಲ್ಲ ಕಣೇ. ನೀವೆಲ್ಲ ಹೋಗಿಬನ್ನಿ, ನಾನು ಮನೇಲಿ ಅಡಿಗೆ ಮಾಡಿಟ್ಟಿರ್ತೀನಿ" ಅಂದಳು.

ಅಕ್ಕನಿಗೆ ಆಗ 68. ಮಂಡಿನೋವು. ಆದರೆ ನಿಜವಾದ ಕಾರಣ ಮಂಡಿಯಲ್ಲ. ಅದನ್ನು ನಾವು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಓದುತ್ತಿರುವ ನಿಮಗೆ ಗೊತ್ತು. ಪ್ರಯಾಣ ಎಂದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವುದು. ಬಸ್ಸಿನಲ್ಲಿ ಆರು ಗಂಟೆ, ಎಂಟು ಗಂಟೆ ಒಣ ಬಾಯಲ್ಲೇ ಕೂರುವುದು. ಗಂಡಸರು ಮರದ ಮರೆಗೆ ಹೋಗಿ ಬರುತ್ತಾರೆ. ನಾವು ತುಟಿ ಒದ್ದೆ ಮಾಡಿಕೊಂಡು ಬಾಟಲಿ ಮುಚ್ಚುತ್ತೇವೆ. ಊರು ತಲುಪಿದ ಮೇಲೆ ತಲೆನೋವು, ಉರಿಮೂತ್ರ. ಅಕ್ಕ ಜೀವಮಾನವೆಲ್ಲ ಹಾಗೇ ಪ್ರಯಾಣ ಮಾಡಿದವಳು. ಇನ್ನೊಂದು ವಿಷಯವೂ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

"ಗಾಡಿಯಲ್ಲೇ ಕಕ್ಕಸು ಇದೆಯಂತೆ ಅಕ್ಕ, ರಾತ್ರಿ ಎದ್ದರೆ ಮೂರು ಹೆಜ್ಜೆ ಅಷ್ಟೆ" ಅಂದೆ. ಅವಳು ಸುಮ್ಮನಿದ್ದಳು. ಎರಡು ದಿನ ಬಿಟ್ಟು, "ಅದನ್ನ ತೊಳೆಯೋರು ಯಾರು?" ಅಂತ ಕೇಳಿದಳು. ಅಂದರೆ ಅರ್ಧ ಒಪ್ಪಿದ ಹಾಗೆ!

ಈಗ ಊರಿನ ವಿಷಯ. ಲುಡಿಂಗ್ಟನ್ ಇರುವುದು ಮಿಷಿಗನ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ಪೂರ್ವ ದಂಡೆಯಲ್ಲಿ, ಪೇರ್ ಮಾರ್ಕೆಟ್ ಎಂಬ ನದಿ ಸರೋವರ ಸೇರುವಲ್ಲಿ. ಜನಸಂಖ್ಯೆ ಎಂಟು ಸಾವಿರ ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಆದರೆ ಅದರ ಮುಂದಿರುವ ನೀರು ಮಾತ್ರ ಹಳ್ಳಿಯ ಕೆರೆಯಲ್ಲ. ಸುಮಾರು 58,000 ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಉದ್ದ ಮುನ್ನೂರು ಮೈಲಿಗೂ ಮೀರಿದ್ದು. ದಡದಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ. ಅಲೆ ಇದೆ, ಮರಳಿದೆ, ಹಡಗಿದೆ, ದೀಪಸ್ತಂಭವಿದೆ. ಉಪ್ಪೊಂದಿಲ್ಲ. ಮೊಮ್ಮಗಳು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು "ಸಿಹಿನೀರು ದೊಡ್ಡಜ್ಜಿ!" ಅಂತ ಕುಣಿದಳು. ನೀವು ಹಾಗೆ ಕುಡಿಯಬೇಡಿ, ಅದು ಕಾಯಿಸದ ನೀರೇ ತಾನೆ.

ಮೊದಲು ಈ ಊರಿಗೆ ಪೇರ್ ಮಾರ್ಕೆಟ್ ಎಂಬ ಹೆಸರೇ ಇತ್ತು. ಮಾರ್ಕೆಟ್ ಎಂದರೆ ಸಂತೆಯಲ್ಲ. ಫ್ರಾನ್ಸಿನಿಂದ ಬಂದ ಪಾದ್ರಿ, 1675ರಲ್ಲಿ ಈ ದಂಡೆಯಲ್ಲೇ ತೀರಿಕೊಂಡನಂತೆ. ಸ್ವಲ್ಪ ಉತ್ತರಕ್ಕಿರುವ ಇನ್ನೊಂದು ಊರಿನವರು "ಅಲ್ಲ, ನಮ್ಮಲ್ಲಿ" ಅನ್ನುತ್ತಾರೆ. ಆಮೇಲೆ ಮರದ ವ್ಯಾಪಾರಿ ಜೇಮ್ಸ್ ಲುಡಿಂಗ್ಟನ್ ತನ್ನ ಹೆಸರಿಟ್ಟ. 1873ರಲ್ಲಿ ಅದು ನಗರವಾಯಿತು. ಕಾಡಿನ ಮರವೆಲ್ಲ ಹಡಗು ಹತ್ತಿ ಹೋದ ಮೇಲೆ ಊರಿಗೆ ಉಳಿದದ್ದು ಬಂದರು ಮತ್ತು ಮರಳು.

ಹೋಗಲು ಎರಡು ದಾರಿ. ಷಿಕಾಗೋದಿಂದ ಸರೋವರದ ದಕ್ಷಿಣದ ತುದಿ ಸುತ್ತಿಕೊಂಡು ರಸ್ತೆಯಲ್ಲೇ ಹೋದರೆ ಸುಮಾರು 250 ಮೈಲಿ. ಇನ್ನೊಂದು, ಪಶ್ಚಿಮದ ದಂಡೆ ಹಿಡಿದು ಮಿಲ್ವಾಕಿ ದಾಟಿ ಸುಮಾರು 170 ಮೈಲಿ ದೂರದ ಮ್ಯಾನಿಟೊವಾಕ್ ಊರಿಗೆ ಹೋಗಿ, ಅಲ್ಲಿ ಗಾಡಿಯನ್ನೇ ಹಡಗಿಗೆ ಹತ್ತಿಸಿ ಸರೋವರ ದಾಟುವುದು. ನಾವು ಹೋಗುವಾಗ ಹಡಗು, ಬರುವಾಗ ರಸ್ತೆ ಎಂದು ಗೊತ್ತುಮಾಡಿದೆವು. ಮಕ್ಕಳಿದ್ದರೆ ಹೀಗೇ ಮಾಡಿ. ಉಲ್ಟಾ ಮಾಡಿದರೆ ಸುಸ್ತಾದ ಮಕ್ಕಳಿಗೆ ಹಡಗಿನ ಗಮ್ಮತ್ತು ತಿಳಿಯುವುದಿಲ್ಲ.

ಹಡಗಿನ ಹೆಸರು ಬ್ಯಾಡ್ಜರ್. 1953ರಲ್ಲಿ ಓಡಾಟ ಶುರುಮಾಡಿದ ಹಬೆ ಹಡಗು, 410 ಅಡಿ ಉದ್ದ. ಆಗ ರೈಲಿನ ಡಬ್ಬಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸರೋವರ ದಾಟಿಸುತ್ತಿತ್ತು. 1990ರಲ್ಲಿ ನಿಂತು, 1992ರಲ್ಲಿ ಜನರನ್ನೂ ಕಾರುಗಳನ್ನೂ ಸಾಗಿಸಲು ಮತ್ತೆ ಹೊರಟಿತು. ಈಗಲೂ ಕಲ್ಲಿದ್ದಲಿನಿಂದಲೇ ನಡೆಯುತ್ತದೆ. ಹಿಂದೆಲ್ಲ ಬೂದಿಯನ್ನು ನೇರ ಸರೋವರಕ್ಕೇ ಸುರಿಯುತ್ತಿದ್ದರಂತೆ. ಗಲಾಟೆಯಾಗಿ, 2015ರ ಹೊತ್ತಿಗೆ ನಿಲ್ಲಿಸಿದರು. ನಿಲ್ಲಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಅದನ್ನು ಹೊಗಳಿ ಬರೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅರವತ್ತು ಮೈಲಿ, ನಾಲ್ಕು ಗಂಟೆ ಪ್ರಯಾಣ. ಮೇ ಮಧ್ಯದಿಂದ ಅಕ್ಟೋಬರ್ ಮೊದಲವರೆಗೆ ಮಾತ್ರ.

ಹಡಗಿಗೆ ಸಂಬಂಧಿಸಿದ ಮೂರು ನಾಲ್ಕು ಮಾತು ನೆನಪಿಡಿ. ಗಾಡಿಮನೆಗೆ ಅದರ ಉದ್ದ ನೋಡಿ ಅಡಿಗಿಷ್ಟು ಎಂದು ದರ, ಆದ್ದರಿಂದ ಉದ್ದದ ಗಾಡಿ ಬುಕ್ ಮಾಡುವಾಗಲೇ ಈ ಲೆಕ್ಕವನ್ನೂ ಹಾಕಿ. ಹತ್ತಿಸುವ ಮೊದಲು ಗ್ಯಾಸ್ ಬಂದ್ ಮಾಡಬೇಕು. ಹಡಗು ಹೊರಟ ಮೇಲೆ ಗಾಡಿ ನಿಲ್ಲಿಸಿದ ಅಟ್ಟಕ್ಕೆ ಇಳಿಯಲು ಬಿಡುವುದಿಲ್ಲ. ಮಾತ್ರೆ, ಸ್ವೆಟರು, ಮಗುವಿನ ಹಾಲು, ಮಧ್ಯಾಹ್ನದ ಬುತ್ತಿ ಎಲ್ಲವನ್ನೂ ಕೈಚೀಲದಲ್ಲಿ ಮೇಲಕ್ಕೆ ತಂದಿರಬೇಕು. ನಾವು ಅಕ್ಕನ ಬಿ.ಪಿ. ಮಾತ್ರೆಯನ್ನು ಕೆಳಗೇ ಬಿಟ್ಟು ನಾಲ್ಕು ಗಂಟೆ ಚಡಪಡಿಸಿದೆವು. ಮಲಗುವವರಿಗೆ ಪುಟ್ಟ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಮಂಡಿನೋವಿನವರಿದ್ದರೆ ದುಡ್ಡಿನ ಮುಖ ನೋಡಬೇಡಿ, ತೆಗೆದುಕೊಳ್ಳಿ. ಇನ್ನು ಗಡಿಯಾರ. ಆಚೆ ದಡಕ್ಕೂ ಈಚೆ ದಡಕ್ಕೂ ಒಂದು ಗಂಟೆ ವ್ಯತ್ಯಾಸ. ಮಧ್ಯಾಹ್ನ ಎರಡಕ್ಕೆ ಹೊರಟರೆ ಲುಡಿಂಗ್ಟನ್ನಿನಲ್ಲಿ ಏಳು ಗಂಟೆ. ಏಳಾಯಿತೆಂದು ಗಾಬರಿಯಾಗಬೇಡಿ, ಜುಲೈನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲರ ಮೇಲೆ!

ಹಡಗನ್ನೇ ನೆಚ್ಚಿಕೊಂಡು ಕೂರಬಾರದು ಎನ್ನುವುದೂ ಗೊತ್ತಿರಲಿ. ನಾವು ಹೋಗಿಬಂದ ಮರುವರ್ಷ, 2023ರ ಜುಲೈನಲ್ಲಿ, ಲುಡಿಂಗ್ಟನ್ ದಕ್ಕೆಯಲ್ಲಿ ವಾಹನ ಹತ್ತಿಸುವ ಸೇತುವೆ ಕೆಟ್ಟು ಆ ವರ್ಷದ ಉಳಿದ ಪ್ರಯಾಣಗಳೆಲ್ಲ ನಿಂತುಹೋದವು. 2024ರಲ್ಲಿ ಮತ್ತೆ ಶುರುವಾಯಿತು. ರಸ್ತೆಯ ದಾರಿಯನ್ನೂ ಬರೆದಿಟ್ಟುಕೊಂಡೇ ಹೊರಡಿ.

ತಂಗುವುದಕ್ಕೆ ಊರಿನಿಂದ ಎಂಟೂವರೆ ಮೈಲಿ ಉತ್ತರಕ್ಕೆ ಲುಡಿಂಗ್ಟನ್ ಸ್ಟೇಟ್ ಪಾರ್ಕ್. ಒಂದು ಕಡೆ ಮಿಷಿಗನ್ ಸರೋವರ, ಇನ್ನೊಂದು ಕಡೆ ಹ್ಯಾಮ್ಲಿನ್ ಎಂಬ ಒಳಗಿನ ಕೆರೆ, ನಡುವೆ ಮರಳುಗುಡ್ಡ ಮತ್ತು ಪೈನ್ ಕಾಡು. ಗಾಡಿ ನಿಲ್ಲಿಸಲು ಜಾಗ, ವಿದ್ಯುತ್ತಿನ ಕಂಬ, ಊಟದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಇರುತ್ತದೆ. ಆರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ಜುಲೈ ತಿಂಗಳ ಜಾಗಗಳು ತಿರುಪತಿ ದರ್ಶನದ ಟಿಕೆಟ್ಟಿನ ಹಾಗೆ ಖಾಲಿಯಾಗುತ್ತವೆ. ಮಗಳು ಜನವರಿಯಲ್ಲಿ ಫೋನು ಮಾಡಿದ್ದು ಅದಕ್ಕೇ. 2024ರ ಸೆಪ್ಟೆಂಬರ್‌ನಿಂದ 2025ರ ಬೇಸಿಗೆಯವರೆಗೆ ರಿಪೇರಿಗೆಂದು ಪಾರ್ಕನ್ನೇ ಮುಚ್ಚಿದ್ದರು. ಆದ್ದರಿಂದ ಹೊರಡುವ ಮೊದಲು ಒಮ್ಮೆ ವಿಚಾರಿಸಿ. ಜಾಗ ಸಿಗದಿದ್ದರೆ ಊರಿನ ಸುತ್ತ ಖಾಸಗಿ ತಾಣಗಳೂ ಇವೆ.

ಸರಿ, ಗಾಡಿ. ಆರು ಜನಕ್ಕೆ, ಡ್ರೈವರ್ ತಲೆಯ ಮೇಲೆ ಒಂದು ಮಂಚ ಚಾಚಿಕೊಂಡಿರುತ್ತದಲ್ಲ, ಆ ನಮೂನೆ ಸಾಕು. ಅದಕ್ಕೆ ಸಿ ಕ್ಲಾಸ್ ಎನ್ನುತ್ತಾರೆ. ಮೇಲಿನ ಮಂಚ ಮಕ್ಕಳಿಗೆ, ಹಿಂದಿನದು ನನಗೂ ಅಕ್ಕನಿಗೂ, ಊಟದ ಮೇಜನ್ನು ಮಡಿಸಿದರೆ ಮಗಳು ಅಳಿಯಂದಿರಿಗೆ. ಗ್ಯಾಲನ್ನಿಗೆ ಎಂಟೋ ಹತ್ತೋ ಮೈಲಿ ಓಡಿದರೆ ಹೆಚ್ಚು. ಆ ವರ್ಷ ಜೂನ್‌ನಲ್ಲಿ ಪೆಟ್ರೋಲು ಗ್ಯಾಲನ್ನಿಗೆ 5 ಡಾಲರ್ ದಾಟಿತ್ತು. ನಮ್ಮ ಸುತ್ತು ಒಟ್ಟು 460 ಮೈಲಿ ಹಿಡಿದರೆ ಪೆಟ್ರೋಲಿಗೇ 250 ಡಾಲರ್! ಬಾಡಿಗೆ ಬೇರೆ, ಇಷ್ಟು ಮೈಲಿ ದಾಟಿದರೆ ಮೈಲಿಗಿಷ್ಟು, ಜನರೇಟರ್ ಓಡಿಸಿದರೆ ಗಂಟೆಗಿಷ್ಟು. ಹಾಸಿಗೆ ಪಾತ್ರೆಗೂ ಬೇರೆ ದುಡ್ಡು ಕೇಳುತ್ತಾರೆ, ಅವನ್ನು ಮನೆಯಿಂದಲೇ ತನ್ನಿ. ಅಗ್ಗದ ಪ್ರವಾಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ಜನ ದುಡ್ಡು ಕೂಡಿಸಿದರೆ ಹೊಟೇಲಿನ ಲೆಕ್ಕಕ್ಕೆ ಹತ್ತಿರ ಬರುತ್ತದೆ, ಅಷ್ಟೆ.

ಗಾಡಿಯ ಬಾಗಿಲ ಮೆಟ್ಟಿಲು ಎತ್ತರ. ಒಂದು ಗಟ್ಟಿ ಮಣೆಯಿರಲಿ. ಗಾಡಿ ಓಡುವಾಗ ಎಲ್ಲರೂ ಬೆಲ್ಟು ಕಟ್ಟಿ ಕೂತಿರಬೇಕು. ಎದ್ದು ಓಡಾಡುವುದು, ಕಾಫಿ ಕಾಯಿಸುವುದು ಸಿನಿಮಾದಲ್ಲಿ ಮಾತ್ರ. ಕಕ್ಕಸಿಗೂ ನಿಲ್ಲಿಸಿಯೇ ಹೋಗಬೇಕು. ಆದರೆ ಹೆದ್ದಾರಿ ಬದಿಯಲ್ಲಿ ನಿಲ್ಲಲು ಒಳ್ಳೆಯ ಜಾಗಗಳಿವೆ, ಕೇಳುವುದಕ್ಕೆ ನಾಚಿಕೆಪಡಬೇಡಿ.

ಇನ್ನು ನಮ್ಮ ರಾಜ್ಯ, ಅಡಿಗೆಮನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಗಾಡಿಮನೆಯಲ್ಲಿ ಮೂರು ತೊಟ್ಟಿ. ಒಂದರಲ್ಲಿ ಒಳ್ಳೆಯ ನೀರು, ನಮ್ಮದರಲ್ಲಿ ಸುಮಾರು 150 ಲೀಟರು. ಎರಡನೆಯದು ಬಚ್ಚಲು, ಸಿಂಕಿನ ನೀರು ಸೇರುವ ತೊಟ್ಟಿ. ಮೂರನೆಯದು ಕಕ್ಕಸಿನದು. ನಮ್ಮವರ ಅಡಿಗೆಗೆ ಮೊದಲು ತುಂಬುವುದು ಎರಡನೆಯದು. ಅಕ್ಕಿಯನ್ನು ಮೂರು ಸಲ ತೊಳೆಯುತ್ತೀರಿ, ಬೇಳೆ ತೊಳೆಯುತ್ತೀರಿ, ಸೊಪ್ಪು ತೊಳೆಯುತ್ತೀರಿ, ಕುಕ್ಕರು, ಬಾಣಲೆ, ಸಾರಿನ ಪಾತ್ರೆ, ಆರು ತಟ್ಟೆ, ಹನ್ನೆರಡು ಲೋಟ. ಅಲ್ಲಿಯವರು ಎರಡು ರೊಟ್ಟಿ ಸುಟ್ಟು ತಿಂದು ಕಾಗದದ ತಟ್ಟೆ ಬಿಸಾಕುವ ಲೆಕ್ಕದಲ್ಲಿ ಆ ತೊಟ್ಟಿ ಮಾಡಿರುವುದು.

ಒಗ್ಗರಣೆ ಒಳಗೆ ಹಾಕಬೇಡಿ. ಸಾಸಿವೆ ಸಿಡಿದು ಮೆಣಸಿನಕಾಯಿ ಹೊಗೆಯೆದ್ದ ಮರುಕ್ಷಣ ತಲೆಯ ಮೇಲಿನ ಹೊಗೆಗಂಟೆ ಕಿರುಚಿಕೊಳ್ಳುತ್ತದೆ. ಹೊರಗಿನ ಮೇಜಿನ ಮೇಲೆ ಒಂದು ಚಿಕ್ಕ ಗ್ಯಾಸ್ ಒಲೆ ಇಟ್ಟುಕೊಳ್ಳಿ. ಕುಕ್ಕರು ಚೆನ್ನಾಗಿ ನಡೆಯುತ್ತದೆ. ಮಿಕ್ಸಿ ಊರಿನಿಂದ ಹೊತ್ತೊಯ್ಯಬೇಡಿ. ಅಲ್ಲಿ ಕರೆಂಟು 120 ವೋಲ್ಟು, ನಮ್ಮ 230ರ ಮಿಕ್ಸಿ ಗೊರಗೊರ ಅಂದು ಸುಮ್ಮನಾಗುತ್ತದೆ. ಏ.ಸಿ., ಮೈಕ್ರೋವೇವ್, ನೀರು ಕಾಯಿಸುವ ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಫ್ಯೂಸು ಹೋದ ಹಾಗೆ ಕತ್ತಲಾಗುತ್ತದೆ. 30 ಆಂಪಿಯರ್ ಕಂಬಕ್ಕೆ ಅಷ್ಟು ಶಕ್ತಿಯಿಲ್ಲ.

ನಾನು ಮೈಸೂರಿನಲ್ಲೇ ಕೂತು ಒಂದು ಪಟ್ಟಿ ಮಾಡಿದೆ. ದಿನಕ್ಕೆ ಒಂದೇ ಅಡಿಗೆ, ಅದೂ ಮಧ್ಯಾಹ್ನ. ಬೆಳಿಗ್ಗೆ ಅಳಿಯಂದಿರ ಬ್ರೆಡ್ಡು, ಹಣ್ಣು, ಹಾಲು. ಸಂಜೆ ಗೊಜ್ಜವಲಕ್ಕಿಯೋ, ಬೆಳಿಗ್ಗೆಯೇ ಕಲೆಸಿಟ್ಟ ಪುಳಿಯೋಗರೆಯೋ, ಮೊಸರನ್ನವೋ. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ತರಿತರಿಯಾದ ಅವಲಕ್ಕಿಗೆ ಹುಣಸೆರಸ, ಬೆಲ್ಲ, ಸಾರಿನಪುಡಿ ಬೆರೆಸಿ ಮನೆಯಲ್ಲೇ ಮಾಡಿಟ್ಟ ಒಗ್ಗರಣೆ ಸೇರಿಸಿ ಮುಚ್ಚಿಟ್ಟರಾಯಿತು. ರಾತ್ರಿ ಏಳರ ಮೇಲೆ ಪಾತ್ರೆ ಮುಟ್ಟುವಂತಿಲ್ಲ ಎಂದು ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದೆ.

ಅಕ್ಕ ಓದಿ ನಕ್ಕಳು. "ಇದೇನೇ, ಸರ್ಕಾರಿ ಆರ್ಡರ್ ಇದ್ದ ಹಾಗಿದೆ. ಮಕ್ಕಳಿಗೆ ಬಿಸಿ ಅನ್ನ ಹಾಕೋದು ಬೇಡವೇ?"

ಆ ಸಾಲು ಬರೆದದ್ದು ಏಕೆಂದರೆ, ಈಗ ಹೇಳುತ್ತೇನೆ. 1984ರಲ್ಲಿ ನಮ್ಮ ಕುಟುಂಬದ ಹದಿನಾಲ್ಕು ಜನ ಒಂದು ವ್ಯಾನು ಮಾಡಿಕೊಂಡು ಧರ್ಮಸ್ಥಳ, ಕೊಲ್ಲೂರು, ಶೃಂಗೇರಿ ಸುತ್ತಿದೆವು. ಸೀಮೆಎಣ್ಣೆ ಸ್ಟೌವು, ಅಕ್ಕಿಮೂಟೆ ಎಲ್ಲ ಜೊತೆಗೆ. ಅಡಿಗೆ ಅಕ್ಕನದು, ಮನೆಗೆ ಹಿರಿಸೊಸೆಯಲ್ಲವೇ. ಆಗುಂಬೆಗೆ ಬಂದಾಗ ಸಂಜೆ ಐದೂವರೆ. ಎಲ್ಲರೂ ಸೂರ್ಯಾಸ್ತ ನೋಡಲು ಓಡಿದೆವು. "ನೀವು ನಡೀರಿ, ಎರಡು ಪಾತ್ರೆ ಇದೆ, ಬಂದೆ" ಅಂದಳು ಅಕ್ಕ. ನಾವು ಕುಣಿಯುತ್ತಾ ವಾಪಸು ಬಂದಾಗ ಕತ್ತಲಾಗಿತ್ತು. ಅವಳು ನಲ್ಲಿಯ ಹತ್ತಿರ ಕೂತು ಉಪ್ಪಿಟ್ಟಿನ ತಳ ಕೆರೆಯುತ್ತಿದ್ದಳು. "ಹೇಗಿತ್ತೇ?" ಅಂತ ಕೇಳಿದಳು. ನಾನು ಕೈಯಾಡಿಸಿ ವರ್ಣಿಸಿದೆ! ನನಗೆ ಆಗ ಇಪ್ಪತ್ತೇಳು, ಬುದ್ಧಿ ಇರಬೇಕಾದ ವಯಸ್ಸೇ. ಒಂದು ಪಾತ್ರೆ ತೊಳೆದುಕೊಡೋಣ ಅಂತ ನನಗೆ ತೋಚಲಿಲ್ಲ. ಅದಾದ ಮೇಲೆ ಅವಳಿಗೆ ಆ ಕಡೆ ಹೋಗುವ ಯೋಗ ಬರಲಿಲ್ಲ.

ಗಾಡಿಮನೆ ಎಂದಾಗ ನನಗೆ ನೆನಪಾದದ್ದು ಆ ನಲ್ಲಿ. ಮನೆಯನ್ನೇ ಕಟ್ಟಿಕೊಂಡು ಹೋದರೆ ಪಾತ್ರೆಯೂ ಜೊತೆಗೇ ಬರುತ್ತದಲ್ಲ.

ಲುಡಿಂಗ್ಟನ್ ತಲುಪಿದ ಮೊದಲ ಸಂಜೆ ಗಾಡಿ ಸಮತಟ್ಟು ಮಾಡಿ, ಕರೆಂಟು ಸಿಕ್ಕಿಸುವುದರಲ್ಲೇ ಹೊತ್ತು ಹೋಯಿತು. ಮರುದಿನ ಪಟ್ಟಿಯ ಪ್ರಕಾರ ನಡೆಯಿತು, ಮಧ್ಯಾಹ್ನದವರೆಗೆ. ಆಮೇಲೆ ಅಕ್ಕ, "ಸಂಜೆಗೆ ಒಂದೇ ಒಂದು ಹುಳಿ ಮಾಡಿಬಿಡ್ತೀನಿ" ಅಂದಳು. ನಾನು ಬೇಡ ಅಂದೆ, ಮೊಮ್ಮಕ್ಕಳು ಬೇಕು ಅಂದರು. ಎಂಟು ಗಂಟೆಗೆ ಸಿಂಕಿನ ತುಂಬ ಪಾತ್ರೆ. ಅಕ್ಕ ಸೆರಗು ಸಿಕ್ಕಿಸಿ ನಲ್ಲಿ ತಿರುಗಿಸಿದಳು. ಐದು ನಿಮಿಷಕ್ಕೆ ಮಗಳು ಬಚ್ಚಲಿನಿಂದ ಕೂಗಿಕೊಂಡಳು. ಎರಡನೆಯ ತೊಟ್ಟಿ ತುಂಬಿ, ಸಾಂಬಾರಿನ ಬಣ್ಣದ ನೀರು ಬಚ್ಚಲ ತೂಬಿನಿಂದ ಮೇಲೆ ಉಕ್ಕುತ್ತಿತ್ತು! ಗೋಡೆಯ ಮೇಲಿನ ದೀಪ ಮಾತ್ರ "ಅರ್ಧ" ಎಂದೇ ತೋರಿಸುತ್ತಿತ್ತು. ಬಾಡಿಗೆ ಕೊಟ್ಟವರಿಗೆ ಫೋನು ಮಾಡಿದರೆ, "ಆ ದೀಪಗಳನ್ನು ನಂಬಬೇಡಿ" ಎಂಬ ಉತ್ತರ. ಕೊಡುವಾಗ ಹೇಳಿದ್ದರೆ ಏನಾಗುತ್ತಿತ್ತು? ನೀವು ಗಾಡಿ ತೆಗೆದುಕೊಳ್ಳುವಾಗ ತೊಟ್ಟಿಗಳನ್ನು ನಿಮ್ಮೆದುರು ಖಾಲಿ ಮಾಡಿಸಿ, ದೀಪ ಸರಿಯಿದೆಯೇ ಕೇಳಿ. ಇದ್ದರೂ ದಿನಬಿಟ್ಟು ದಿನ ಖಾಲಿ ಮಾಡಿ.

ಖಾಲಿ ಮಾಡಲು ಪಾರ್ಕಿನಲ್ಲಿ ಬೇರೆಯೇ ಜಾಗವಿದೆ. ಅಂದರೆ ಕರೆಂಟು ಬಿಚ್ಚಿ, ಮೇಜಿನ ಸಾಮಾನೆಲ್ಲ ಒಳಗೆ ತುಂಬಿ, ಇಡೀ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಅಳಿಯಂದಿರು ಕೈಗವಸು ಹಾಕಿಕೊಂಡರು. ಮೊದಲು ಕಕ್ಕಸಿನ ತೊಟ್ಟಿ, ಆಮೇಲೆ ಬಚ್ಚಲಿನದು. ಆಗ ಕೊಳವೆ ತಾನೇ ತೊಳೆದುಕೊಳ್ಳುತ್ತದೆ. ಅಕ್ಕ ಒಳಗಿನಿಂದ ನೋಡುತ್ತಾ, "ಅಯ್ಯೋ, ಅಳಿಯಂದಿರ ಕೈಲಿ ಇಂಥ ಕೆಲಸವೇ" ಅಂತ ಒದ್ದಾಡಿದಳು. ಅವರು, "ದೊಡ್ಡಮ್ಮ, ಎಲ್ಲರದೂ ಒಂದೇ ತೊಟ್ಟಿ ಅಲ್ವಾ" ಅಂದರು. ಅಕ್ಕನ ಮೊದಲ ದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಅಷ್ಟರಲ್ಲಿ ಒಂಬತ್ತು ದಾಟಿತ್ತು. ಸಿಂಕಿನಲ್ಲಿ ಪಾತ್ರೆ ಹಾಗೇ. "ಬೇಗ ವಾಪಸು ನಡೀರಿ, ಒಣಗಿದರೆ ಉಜ್ಜಕ್ಕಾಗಲ್ಲ" ಅಂತ ಅಕ್ಕ ಅವಸರ ಮಾಡಿದಳು. ನಾನು ಅಳಿಯಂದಿರಿಗೆ ಬಲಗಡೆಗಲ್ಲ, ಊರಿನ ಕಡೆ ತಿರುಗಿಸಿ ಅಂದೆ. ಪಾರ್ಕಿನಿಂದ ಊರಿಗೆ ಬರುವ ರಸ್ತೆಗೆ ಎಂ-116 ಎಂದು ಹೆಸರು. ಮೈಲಿಗಟ್ಟಲೆ ಸರೋವರದ ಅಂಚಿನಲ್ಲೇ, ಎರಡೂ ಬದಿ ಮರಳುಗುಡ್ಡದ ನಡುವೆ ಹೋಗುತ್ತದೆ. ಪಕ್ಕದಲ್ಲಿ ಅಲ್ಲಲ್ಲಿ ಗಾಡಿ ನಿಲ್ಲಿಸಬಹುದು. ಮರಳಿನಲ್ಲಿ ನಡೆಯಲಾಗದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಕ್ಕನನ್ನು ಡ್ರೈವರ್ ಪಕ್ಕದ ಎತ್ತರದ ಸೀಟಿನಲ್ಲಿ ಕೂರಿಸಿದ್ದೆವು, ಮುಂದೆ ಅಗಲವಾದ ಗಾಜು. ನಾವೆಲ್ಲ ಹಿಂದೆ ನಿಂತೆವು. ಸೂರ್ಯ ನೀರಿನ ಮೇಲೆ ಒಂದು ಗೇಣು ಎತ್ತರದಲ್ಲಿದ್ದ. ಇಳಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಮುಟ್ಟಿದ ಮೇಲೆ ತಟ್ಟೆ ಹರಿವಾಣದ ಹಾಗೆ ಚಪ್ಪಟೆಯಾಗಿ, ನೀರಿನ ಮೇಲೆ ಒಂದು ಕೆಂಪು ದಾರಿ ಬಿದ್ದಿತು. ಯಾರೂ ಮಾತಾಡಲಿಲ್ಲ. ಪೂರ್ತಿ ಮುಳುಗಿದ ಮೇಲೆ ಅಕ್ಕ ಕೈಮುಗಿದಳು. ಆಮೇಲೆ, "ಇನ್ನೂ ಬೆಳಕಿದೆ, ಸ್ವಲ್ಪ ಹೊತ್ತು ಇರೋಣ" ಅಂದಳು. ಪಾತ್ರೆಗಳನ್ನು ಮರುದಿನ ಬೆಳಿಗ್ಗೆ ಮಗಳೂ ನಾನೂ ಪಾರ್ಕಿನ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದು ತೊಳೆದೆವು. ನಿಜ, ಒಣಗಿ ಅಂಟಿಕೊಂಡಿದ್ದವು.

ಊರಿನಲ್ಲಿ ನೋಡುವುದಕ್ಕೆ ಒಂದು ದಿನ ಬೇಕು, ಎರಡು ದಿನವಿದ್ದರೆ ಹಾಯಾಗಿರುತ್ತದೆ. ಸ್ಟರ್ನ್ಸ್ ಪಾರ್ಕ್ ಎಂಬ ಊರಿನ ಮರಳುದಂಡೆ ಬಂದರಿನ ಪಕ್ಕದಲ್ಲೇ. ಅಲ್ಲಿಂದ ನೀರೊಳಗೆ ಕಾಂಕ್ರೀಟಿನ ಅಲೆತಡೆ ಗೋಡೆ ಅರ್ಧ ಮೈಲಿ ಚಾಚಿದೆ, ತುದಿಯಲ್ಲಿ 1924ರ ಬಿಳಿಯ ದೀಪಸ್ತಂಭ. ಸಂಜೆ ಏಳರ ಹೊತ್ತಿಗೆ ಬ್ಯಾಡ್ಜರ್ ಹಡಗು ಅದರ ಪಕ್ಕದಲ್ಲೇ ಕೊಂಬು ಊದುತ್ತಾ ಒಳಬರುವುದನ್ನು ನೋಡಲು ಊರೇ ನೆರೆಯುತ್ತದೆ. ಗಾಳಿಯಿದ್ದ ದಿನ ಮಾತ್ರ ಆ ಗೋಡೆಯ ಮೇಲೆ ಕಾಲಿಡಬೇಡಿ, ಅಲೆ ಮೇಲೆ ಹಾದು ಮನುಷ್ಯರನ್ನು ಎಳೆದುಕೊಳ್ಳುತ್ತದೆ. ಕೆಂಪು ಬಾವುಟ ಹಾರಿಸಿದ್ದರೆ ಮಕ್ಕಳನ್ನು ನೀರಿಗೆ ಬಿಡಬೇಡಿ. ಸರೋವರ ತಾನೆ ಎಂಬ ಸಸಾರ ಬೇಡ.

ಪಾರ್ಕಿನೊಳಗಿನ ಬಿಗ್ ಸೇಬಲ್ ದೀಪಸ್ತಂಭ 1867ರದು, 112 ಅಡಿ ಎತ್ತರ, ಕಪ್ಪು ಬಿಳಿ ಪಟ್ಟೆ. ಅಲ್ಲಿಗೆ ಗಾಡಿ ಹೋಗುವುದಿಲ್ಲ, ಎರಡು ಮೈಲಿಯ ಹತ್ತಿರ ನಡೆಯಬೇಕು. ಮಗಳು ಮಕ್ಕಳು ಹೋಗಿಬಂದರು, ನಾನೂ ಅಕ್ಕನೂ ಮರದಡಿ ಕೂತು ಹೂಕೋಸು ಬಿಡಿಸಿದೆವು. ಬೇಸಿಗೆಯಲ್ಲಿ ಕೆಲವೇ ದಿನ ಅಲ್ಲಿಗೆ ಬಸ್ಸು ಬಿಡುತ್ತಾರೆ. ನಡೆಯಲಾಗದವರು ಆ ತಾರೀಖು ನೋಡಿಕೊಂಡೇ ಬುಕ್ ಮಾಡಿ, ನಾವು ಆ ಬುದ್ಧಿವಂತಿಕೆ ಮಾಡಲಿಲ್ಲ. ರಾತ್ರಿ ಚಳಿಯಿರುತ್ತದೆ, ಜುಲೈ ಎಂದು ಸ್ವೆಟರು ಬಿಟ್ಟುಬರಬೇಡಿ. ಸೊಳ್ಳೆಯೂ ಇದೆ.

ಆ ಸೀಮೆ ಚೆರ್ರಿ ಹಣ್ಣಿನ ಸೀಮೆ. ಅಮೆರಿಕದ ಹುಳಿ ಚೆರ್ರಿಯಲ್ಲಿ ಬಹುಪಾಲು ಈ ಒಂದೇ ರಾಜ್ಯದ್ದು. ಜುಲೈನಲ್ಲಿ ರಸ್ತೆ ಬದಿಯಲ್ಲಿ ಬುಟ್ಟಿಯಿಟ್ಟು ಮಾರುತ್ತಾರೆ. ಅವರು ಅದನ್ನು ಸಕ್ಕರೆ ಸುರಿದು ಕಡುಬಿನಂಥ ಪೈ ಮಾಡುತ್ತಾರೆ. ಅಕ್ಕ ಒಂದು ಹಣ್ಣು ಬಾಯಿಗೆ ಹಾಕಿ ಕಣ್ಣು ಕಿರಿದು ಮಾಡಿ, "ಇದು ಗೊಜ್ಜಿನ ಹಣ್ಣು ಕಣೇ" ಅಂದಳು. ಮಧ್ಯಾಹ್ನದ ಅಡಿಗೆಯಾದ್ದರಿಂದ ನಾನು ಅಡ್ಡಿಮಾಡಲಿಲ್ಲ.

ಬೀಜ ತೆಗೆದ ಹುಳಿ ಚೆರ್ರಿ ಎರಡು ಬಟ್ಟಲು. ಬೀಜ ತೆಗೆಯಲು ತೊಳೆದ ಹೇರ್‌ಪಿನ್ನಿನ ಬಾಗಿದ ತುದಿ ಸಾಕು, ಹಳೆಯ ಸೀರೆ ಉಟ್ಟುಕೊಳ್ಳಿ, ರಸ ಚಿಮ್ಮುತ್ತದೆ. ಎರಡು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು ಹಾಕಿ, ಹಣ್ಣು, ಅರಿಸಿನ, ಉಪ್ಪು ಸೇರಿಸಿ ಮುಚ್ಚಿ. ಹಣ್ಣು ನೀರು ಬಿಟ್ಟು ಮೆತ್ತಗಾದ ಮೇಲೆ ಅರ್ಧ ಬಟ್ಟಲು ಬೆಲ್ಲ, ಎರಡು ಟೀ ಚಮಚ ಸಾರಿನಪುಡಿ. ಹುಣಸೆಹಣ್ಣು ಬೇಡವೇ ಬೇಡ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ, ಕೊನೆಯಲ್ಲಿ ಹುರಿದ ಎಳ್ಳು, ಕೊಬ್ಬರಿಯ ಪುಡಿ ಒಂದು ಚಮಚ. ಚಪಾತಿಗೂ ಮೊಸರನ್ನಕ್ಕೂ ಸರಿ. ಪಕ್ಕದ ಗಾಡಿಮನೆಯ ಹೆಂಗಸಿಗೆ ಒಂದು ಬಟ್ಟಲು ಕೊಟ್ಟೆವು, ಆಕೆ ಪೈ ಕೊಟ್ಟು ಕಳಿಸಿದಳು. ಊರಿನಲ್ಲಿ ಹುಳಿ ಚೆರ್ರಿ ಸಿಗದಿದ್ದರೆ ಅರೆಗಾಯಿ ದ್ರಾಕ್ಷಿಯಲ್ಲಿ ಮಾಡಿನೋಡಿ, ಬೆಲ್ಲ ಕಡಿಮೆ ಸಾಕು.

ವಾಪಸು ಬರುವ 250 ಮೈಲಿಯಲ್ಲಿ ಅಕ್ಕ ಎರಡು ಬಾಟಲಿ ನೀರು ಕುಡಿದಳು. ಮೂರು ಸಲ ನಿಲ್ಲಿಸಿ ಎಂದಳು, ಗಟ್ಟಿಯಾಗಿಯೇ.

ಮೊನ್ನೆ ಅವಳ ಫೋನು. "ಆಗುಂಬೆಯಲ್ಲಿ ಮೋಡ ಇಲ್ಲದೆ ಕಾಣೋದು ಯಾವ ತಿಂಗಳೇ?" ಡಿಸೆಂಬರ್ ಅಂದೆ. "ಹಾಗಾದರೆ ಈಗಲೇ ಕಾರು ಹೇಳಿಬಿಡು. ಊಟ ಹೋಟ್ಲಲ್ಲಿ."